ಆರೂವರೆಯ ನಾಟಕಕ್ಕೆ ಮೊದಲು ಒಂದು ತಟ್ಟೆ ಸುಶಿ

ಕೋಲ್ಕತ್ತದಲ್ಲಿ ನಾಟಕ ಅಂದರೆ ಸಂಜೆ ಆರೂವರೆ. ಅಕಾಡೆಮಿ ಆಫ್ ಫೈನ್ ಆರ್ಟ್ಸ್ ಇರಲಿ, ಗಿರೀಶ್ ಮಂಚ, ಮಧುಸೂದನ್ ಮಂಚ ಇರಲಿ, ಪೋಸ್ಟರಿನ ಕೆಳಗೆ ಹೆಚ್ಚಾಗಿ ಇದೇ ಹೊತ್ತು ಬರೆದಿರುತ್ತದೆ. ಬೆಂಗಳೂರಿನ ರಂಗಶಂಕರದ ಏಳೂವರೆಗೆ ಒಗ್ಗಿದ ಹೊಟ್ಟೆಗೆ ಈ ಒಂದು ಗಂಟೆ ಸಣ್ಣ ವ್ಯತ್ಯಾಸವಲ್ಲ. ಅಲ್ಲಿ ಆಫೀಸು ಮುಗಿಸಿ, ಜೆ.ಪಿ. ನಗರದ ಟ್ರಾಫಿಕ್ಕು ದಾಟಿ, ಕೆಫೆಯಲ್ಲಿ ಒಂದು ಅಕ್ಕಿರೊಟ್ಟಿ ತಿಂದು ಒಳಗೆ ಹೋಗಿ ಕೂರಬಹುದು. ಇಲ್ಲಿ ಆರೂವರೆಗೆ ಮೊದಲು ತಿಂದದ್ದು ಊಟ ಅನ್ನಿಸುವುದಿಲ್ಲ. ನಾಟಕ ಮುಗಿದ ಮೇಲೆ ತಿನ್ನೋಣವೆಂದರೆ ಗಂಟೆ ಒಂಬತ್ತಾಗಿರುತ್ತದೆ, ಮನೆ ಸೇರುವಾಗ ಹತ್ತು.

ಬಂಗಾಳಿಗಳು ಇದನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ಮಣ್ಣಿನ ಕುಡಿಕೆಯಲ್ಲಿ ಒಂದು ಚಹಾ, ಜೊತೆಗೆ ಒಂದು ಫಿಶ್ ಫ್ರೈಯೋ ತರಕಾರಿ ಚಾಪೋ ತಿಂದು ನಾಟಕ ನೋಡುತ್ತಾರೆ. ಮನೆಗೆ ಹೋಗಿ ರಾತ್ರಿ ಹತ್ತೂವರೆಗೆ ಅನ್ನ, ಮೀನಿನ ಸಾರು ಊಟ ಮಾಡುತ್ತಾರೆ. ನಾವೂ ಈ ಊರಿಗೆ ಬಂದ ಮೇಲೆ ಹಾಗೇ ನಡೆಸಿಕೊಂಡು ಬಂದೆವು. ತಕರಾರು ಶುರುವಾದದ್ದು ಮನೆಯಲ್ಲಿರುವ ಆರನೇ ಕ್ಲಾಸಿನ ಹುಡುಗಿಯಿಂದ. ಜಪಾನಿನ ಕಾರ್ಟೂನು ನೋಡಿ ಬೆಳೆಯುತ್ತಿರುವ ಮಗಳು ಒಂದು ಷರತ್ತು ಹಾಕಿದಳು: "ಅಪ್ಪಾ, ನಾಟಕಕ್ಕೆ ಬರ್ತೀನಿ. ಆದ್ರೆ ಅದಕ್ಕೆ ಮುಂಚೆ ಸುಶಿ ಕೊಡಿಸ್ಬೇಕು."

ಷರತ್ತು ಸಣ್ಣದು, ಲೆಕ್ಕ ದೊಡ್ಡದು. ಬಂಗಾಳಿ ಗ್ರೂಪ್ ಥಿಯೇಟರಿನ ನಾಟಕಗಳಿಗೆ ನಾವು ಕೊಂಡಿರುವ ಟಿಕೆಟ್ಟುಗಳು ಬಹುತೇಕ 100ರಿಂದ 300 ರೂಪಾಯಿಯ ಒಳಗಿನವು. ತಲೆಗೆ 200 ಅಂತಿಟ್ಟುಕೊಂಡರೆ ಮೂವರಿಗೆ 600. ಸುಶಿಯ ಮೆನು ತೆಗೆದರೆ, ನಾನು ನೋಡಿದ ರೆಸ್ಟೋರೆಂಟುಗಳಲ್ಲಿ ಎಂಟು ತುಂಡಿನ ಒಂದು ರೋಲು 600 ರೂಪಾಯಿಯ ಆಸುಪಾಸು. ಮೂವರಿಗೆ ಮೂರು ರೋಲು ಅಂದರೆ 1,800. ಅದರ ಮೇಲೆ ಶೇಕಡಾ 5 ಜಿಎಸ್‌ಟಿ ಸೇರಿ 1,890. ನಾಟಕದ ಖರ್ಚಿನ ಮೂರು ಪಟ್ಟಿಗಿಂತ ಹೆಚ್ಚು! ಅದೇ ರೋಲನ್ನು ಅದೇ ಬೆಲೆಗೆ ದೊಡ್ಡ ಸ್ಟಾರ್ ಹೋಟೆಲಿನಲ್ಲಿ ತಿಂದರೂ ತೆರಿಗೆ ಶೇಕಡಾ 18 ಆಗುವುದರಿಂದ ಬಿಲ್ಲು 2,124. ಎಂಟು ತುಂಡು ತಿಂದು ಹೊಟ್ಟೆ ತುಂಬಿತು ಅನ್ನುವ ಕನ್ನಡಿಗರನ್ನು ನಾನಂತೂ ನೋಡಿಲ್ಲ.

ಮುಂಬೈ, ದೆಹಲಿ, ಪುಣೆಯ ಓದುಗರಿಗೂ ಈ ಲೆಕ್ಕ ಹೊಸದಲ್ಲ. ಆದರೆ ಕೋಲ್ಕತ್ತದಲ್ಲಿ ಇದು ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. "ಮಾಛೇ ಭಾತೇ ಬಾಂಗಾಲಿ" ಎಂದು ಅವರೇ ಹೇಳಿಕೊಳ್ಳುತ್ತಾರೆ, ಮೀನು ಮತ್ತು ಅನ್ನದಿಂದಲೇ ಬಂಗಾಳಿ ಅಂತ. ಸುಶಿಯೂ ಮೀನು ಮತ್ತು ಅನ್ನವೇ. ಗಲ್ಲಿಗಲ್ಲಿಯಲ್ಲಿ ಮೀನು ಮಾರುವ ಊರಿನಲ್ಲಿ ಸುಶಿ ಯಾಕೆ ಇಷ್ಟು ದುಬಾರಿ?

ಒಂದು ಕಾರಣ ಮೀನೇ. ಬಂಗಾಳದ ರುಯಿ, ಕಾತ್ಲಾ ಎಲ್ಲ ಸಿಹಿನೀರಿನ ಮೀನುಗಳು. ಸಿಹಿನೀರಿನ ಮೀನಿನಲ್ಲಿ ಮನುಷ್ಯನ ಹೊಟ್ಟೆ ಸೇರಿ ತೊಂದರೆ ಕೊಡುವ ಪರಾವಲಂಬಿ ಹುಳುಗಳಿರುವ ಸಂಭವ ಹೆಚ್ಚು, ಅದನ್ನು ಹಸಿಯಾಗಿ ತಿನ್ನುವಂತಿಲ್ಲ. ಹಸಿಯಾಗಿ ಬಡಿಸುವ ಸಮುದ್ರದ ಮೀನನ್ನೂ ಮೈನಸ್ 20 ಡಿಗ್ರಿಯಲ್ಲಿ ಏಳು ದಿನವೋ, ಮೈನಸ್ 35 ಡಿಗ್ರಿಯಲ್ಲಿ 15 ಗಂಟೆಯೋ ಇಟ್ಟು ಹುಳು ಸಾಯಿಸುವುದು ಒಪ್ಪಿತ ಕ್ರಮ. ಹಾಗಾಗಿ ರೆಸ್ಟೋರೆಂಟಿನ ಸಾಲ್ಮನ್ ದೂರದೇಶದಿಂದ ತಣ್ಣಗಿನ ಪೆಟ್ಟಿಗೆಯಲ್ಲಿ ಬರಬೇಕು. ನೋರಿ ಅನ್ನುವ ಕಡಲಪಾಚಿಯ ಹಾಳೆ, ಅಂಟುವ ಗಿಡ್ಡಕ್ಕಿ, ಅಕ್ಕಿಯ ವಿನೆಗರ್ ಎಲ್ಲವೂ ಹೊರಗಿನವೇ. ಇವಿಷ್ಟರ ಸಾಗಣೆಯ ಖರ್ಚು ನಮ್ಮ ತಟ್ಟೆಯ ಮೇಲೆ ಬೀಳುತ್ತದೆ.

ಇನ್ನೊಂದು ಕಾರಣ ನನಗೆ ಹೊಳೆದದ್ದು ಮೊಮೊ ತಿನ್ನುವಾಗ. ಅಕಾಡೆಮಿಗೆ ಹತ್ತಿರದ ಮೆಟ್ರೋ ನಿಲ್ದಾಣ ರವೀಂದ್ರ ಸದನ್. ಅಲ್ಲಿಂದ ಎಲ್ಗಿನ್ ರಸ್ತೆಯ ಕಡೆ ಹೋದರೆ ಟಿಬೆಟಿಯನ್ನರ ಕೈರುಚಿಯ ಮೊಮೊ ಅಂಗಡಿಗಳಿವೆ. ಸುಶಿಯ ಒಂದು ರೋಲಿನ ಬೆಲೆಯಲ್ಲಿ ಅಲ್ಲಿ ಮೂವರು ಸಾಕು ಸಾಕೆನ್ನುವಷ್ಟು ತಿನ್ನಬಹುದು. ಮೊಮೊ ಅಗ್ಗ, ಯಾಕೆಂದರೆ ಅದನ್ನು ಮಾಡುವ ಜನ ಇಲ್ಲಿಗೆ ಬಂದರು, ನೆಲೆಸಿದರು, ಹೊಟ್ಟೆಪಾಡಿಗೆ ಅಂಗಡಿ ಇಟ್ಟರು. ಟಿರೆಟ್ಟಾ ಬಜಾರಿನ, ಟ್ಯಾಂಗ್ರಾದ ಚೀನೀ ಅಡುಗೆಯ ಕತೆಯೂ ಇದೇ. ಲೇಕ್ ಮಾರ್ಕೆಟ್ಟಿನ ಇಡ್ಲಿ ದೋಸೆಯದೂ ಇದೇ. ಅಲ್ಲಿ ತಮಿಳರು ನೆಲೆಸಿದ್ದರಿಂದ ನಮಗೂ ಕಾಫಿಪುಡಿ, ಕರಿಬೇವು ಸಿಗುತ್ತದೆ. ಒಂದು ಅಡುಗೆ ತನ್ನ ಜನರ ಜೊತೆ ಬಂದರೆ ಬೀದಿಗೆ ಇಳಿಯುತ್ತದೆ, ಜನರಿಲ್ಲದೆ ಬಂದರೆ ಹೋಟೆಲು, ಮಾಲುಗಳಲ್ಲೇ ಉಳಿಯುತ್ತದೆ. ಸುಶಿ ಈ ಊರಿಗೆ ಬಂದದ್ದು ಒಂಟಿಯಾಗಿ.

ಹಾಗಂತ ಜಪಾನು ಕೋಲ್ಕತ್ತಕ್ಕೆ ಅಪರಿಚಿತವಲ್ಲ. ಕಲಾ ಚಿಂತಕ ಒಕಾಕುರಾ ಕಾಕುಝೋ 1902ರಲ್ಲೇ ಇಲ್ಲಿಗೆ ಬಂದು ಠಾಕೂರರ ಮನೆತನದ ಸ್ನೇಹ ಗಳಿಸಿದ್ದರು. ರವೀಂದ್ರರು 1916ರಲ್ಲಿ ಜಪಾನಿಗೆ ಹೋದರು, ಆಮೇಲೂ ಹೋದರು. ಢಾಕುರಿಯಾ ಕೆರೆಯ ಹತ್ತಿರ ಇಂದಿಗೂ ಒಂದು ಜಪಾನಿ ಬೌದ್ಧ ಮಂದಿರವಿದೆ. ಚಿತ್ರ, ತತ್ವ, ಪ್ರಾರ್ಥನೆ ಎಲ್ಲ ಬಂದವು, ಅಡುಗೆಭಟ್ಟರು ಮಾತ್ರ ಬರಲಿಲ್ಲ.

ಅತ್ತ ಕಡೆಗೆ ಹೋದ ಅಡುಗೆಯ ಕತೆ ಇನ್ನೂ ಸೊಗಸು. ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ 1915ರಲ್ಲಿ ಬ್ರಿಟಿಷರ ಕಣ್ಣುತಪ್ಪಿಸಿ ಇದೇ ಊರಿನಿಂದ ಹಡಗು ಹತ್ತಿ ಜಪಾನು ಸೇರಿದರು. ಟೋಕಿಯೊದ ನಾಕಾಮುರಾಯಾ ಎಂಬ ಬೇಕರಿಯ ಮಾಲೀಕರು ಅವರನ್ನು ಬಚ್ಚಿಟ್ಟು ಕಾಪಾಡಿದರು, ಮುಂದೆ ಮಗಳನ್ನೂ ಕೊಟ್ಟು ಮದುವೆ ಮಾಡಿದರು. 1927ರಲ್ಲಿ ನಾಕಾಮುರಾಯಾ ರೆಸ್ಟೋರೆಂಟು ತೆರೆದಾಗ ಬೋಸರು ಕಲಿಸಿದ ಭಾರತೀಯ ಕರಿ ಅದರ ಮೆನುವಿನಲ್ಲಿತ್ತು. ಇಂದಿಗೂ ಅಲ್ಲಿ ಅದು ಹೆಸರುವಾಸಿ. ಆ ಕಾಲದ ಟೋಕಿಯೊದಲ್ಲಿ ಸಾಮಾನ್ಯ ಕರಿ ಅನ್ನಕ್ಕಿಂತ ಅದರ ಬೆಲೆ ಹಲವು ಪಟ್ಟು ಹೆಚ್ಚಿತ್ತು. ನಮ್ಮ ಮನೆಯ ಸಾರು ಅಲ್ಲಿ ಶ್ರೀಮಂತರ ಊಟ, ಅವರ ಬೀದಿಯ ತಿಂಡಿ ಇಲ್ಲಿ ಶ್ರೀಮಂತರ ಊಟ. ಲೆಕ್ಕ ಚುಕ್ತಾ.

ಬೀದಿಯ ತಿಂಡಿ ಅಂದದ್ದು ತಮಾಷೆಗಲ್ಲ. ಅನ್ನದ ಉಂಡೆಯ ಮೇಲೆ ಮೀನಿನ ತುಂಡು ಒತ್ತಿ ಕೊಡುವ ನಿಗಿರಿ ಸುಶಿ 1820ರ ದಶಕದ ಹೊತ್ತಿಗೆ ಎಡೊ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಹೆಸರು ಮಾಡಿತು. ಹನಾಯಾ ಯೋಹೇ ಎಂಬ ವ್ಯಾಪಾರಿಯನ್ನು ಅದರ ಜನಕ ಅನ್ನುತ್ತಾರೆ. ಕೆಲಸಕ್ಕೆ ಹೋಗುವವರು ಗಾಡಿಯ ಮುಂದೆ ನಿಂತು, ಕೈಯಲ್ಲೇ ಎತ್ತಿ, ಎರಡು ತುತ್ತು ಬಾಯಿಗೆ ಹಾಕಿಕೊಂಡು ಹೊರಡುತ್ತಿದ್ದರು. ನಮ್ಮ ದರ್ಶಿನಿಯಲ್ಲಿ ನಿಂತು ಖಾಲಿದೋಸೆ ತಿಂದ ಹಾಗೆ.

ಇನ್ನೂ ಹತ್ತಿರದ ಸಂಗತಿ ಎಂದರೆ ಸುಶಿಗೂ ನಾಟಕಕ್ಕೂ ಹಳೆಯ ನಂಟಿದೆ. ಕಬುಕಿ ನಾಟಕಗಳು ಹಗಲೆಲ್ಲ ನಡೆಯುತ್ತಿದ್ದವು. ಅಂಕಗಳ ನಡುವೆ ಜನ ಬುತ್ತಿ ಬಿಚ್ಚುತ್ತಿದ್ದರು. ಜಪಾನಿನಲ್ಲಿ ಇವತ್ತಿಗೂ ಮಾರುವ ‘ಮಾಕುನೊಉಚಿ’ ಬುತ್ತಿಯ ಹೆಸರಿನಲ್ಲೇ ನಾಟಕದ ಪರದೆ ಇದೆ. ‘ಸುಕೆರೊಕು’ ಎಂಬ ಇನ್ನೊಂದು ಸುಶಿ ಬುತ್ತಿಯ ಹೆಸರಂತೂ ನೇರವಾಗಿ ನಾಟಕದ್ದೇ. 1713ರಲ್ಲಿ ಮೊದಲು ಆಡಿದ, ಇಂದಿಗೂ ಆಡುವ ಕಬುಕಿ ನಾಟಕವೊಂದರ ನಾಯಕ ಸುಕೆರೊಕು, ಅವನ ಪ್ರೇಯಸಿ ಅಗೆಮಾಕಿ. ‘ಅಗೆ’ ಅಂದರೆ ಕರಿದ ತೋಫು, ‘ಮಾಕಿ’ ಅಂದರೆ ಸುತ್ತಿದ್ದು. ಹಾಗಾಗಿ ಕರಿದ ತೋಫುವಿನ ಚೀಲದಲ್ಲಿ ಅನ್ನ ತುಂಬಿದ ಸುಶಿ ಮತ್ತು ನೋರಿಯಲ್ಲಿ ಸುತ್ತಿದ ಸುಶಿ ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು, ಹುಡುಗಿಯ ಹೆಸರಿನ ಸಿಲೇಷೆ ಮಾಡಿ, ಹುಡುಗನ ಹೆಸರಲ್ಲಿ ಮಾರಿದರು! ಈ ಡಬ್ಬಿಯಲ್ಲಿ ಹಸಿ ಮೀನು ಇರುವುದಿಲ್ಲ. ತಣ್ಣಗಾದರೂ ರುಚಿ ಕೆಡುವುದಿಲ್ಲ, ಬೆಲೆಯೂ ಕಡಿಮೆ.

ಹಾಗೆ ನೋಡಿದರೆ ಎಲ್ಲ ಊರಿನಲ್ಲೂ ಆಟದ ಜೊತೆಗಿನ ತಿಂಡಿ ಅಗ್ಗದ್ದೇ. ನಮ್ಮ ಕರಾವಳಿಯ ಯಕ್ಷಗಾನದ ಬಯಲಿನ ಅಂಚಿನಲ್ಲಿ ಗ್ಯಾಸ್‌ಲೈಟಿನ ಬೆಳಕಲ್ಲಿ ಚರುಮುರಿ ಕಲೆಸುತ್ತಿದ್ದವರು ನೆನಪಾಗುತ್ತಾರೆ. ಆಟವೇ ಮುಖ್ಯ, ತಿಂಡಿ ನಿದ್ದೆ ಬಾರದ ಹಾಗೆ ನೋಡಿಕೊಳ್ಳಲಿಕ್ಕೆ. ಈ ಅನುಪಾತ ತಲೆಕೆಳಗಾದದ್ದು ನಮ್ಮ ಕಾಲದಲ್ಲಿ.

ನನಗೆ ಕಾಡುವ ಪ್ರಶ್ನೆ ಇದೇ. ಕೋಲ್ಕತ್ತದ ನಾಟಕದ ಟಿಕೆಟ್ಟು 200 ರೂಪಾಯಿ ಇರುವುದು ನಾಟಕ ಮಾಡಲು ಅಷ್ಟೇ ಖರ್ಚಾಗುತ್ತದೆ ಎಂದಲ್ಲ. ಸಭಾಂಗಣದ ಬಾಡಿಗೆ, ಬೆಳಕು, ಸೆಟ್ಟು, ತಿಂಗಳುಗಟ್ಟಲೆ ತಾಲೀಮು, ಹತ್ತಾರು ಜನ ನಟರು. ಅವರಲ್ಲಿ ಎಷ್ಟೋ ಮಂದಿ ಹಗಲು ಬೇರೆ ಕೆಲಸ ಮಾಡಿ ಸಂಜೆ ಬಣ್ಣ ಹಚ್ಚುವವರು. ಬೆಲೆ ಕಡಿಮೆ ಇರುವುದು ಅವರು ಹಾಗೆ ಇಟ್ಟುಕೊಂಡಿರುವುದರಿಂದ. ಇದಕ್ಕೆ ಹಿನ್ನೆಲೆಯಿದೆ. 1943ರ ಬರಗಾಲದಲ್ಲಿ ಬಂಗಾಳದ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಮಾರನೇ ವರ್ಷ, 1944ರಲ್ಲಿ, ಬಿಜನ್ ಭಟ್ಟಾಚಾರ್ಯ ಬರೆದ ‘ನವಾನ್ನ’ ನಾಟಕವನ್ನು ಇಪ್ಟಾ ತಂಡ ರಂಗಕ್ಕೆ ತಂದಿತು. ಹೆಸರಿನ ಅರ್ಥ ಹೊಸ ಅಕ್ಕಿಯ ಅನ್ನ. ಭಟ್ಟಾಚಾರ್ಯರ ಜೊತೆ ಅದನ್ನು ನಿರ್ದೇಶಿಸಿದ ಶಂಭು ಮಿತ್ರ 1948ರಲ್ಲಿ ‘ಬಹುರೂಪಿ’ ಕಟ್ಟಿದರು. ಗ್ರೂಪ್ ಥಿಯೇಟರ್ ಚಳವಳಿ ಬೆಳೆದದ್ದು ಅಲ್ಲಿಂದ. ಲಾಭದ ಕಂಪನಿ ನಾಟಕ ಬೇಡ, ನಕ್ಷತ್ರ ನಟರ ಹಂಗು ಬೇಡ, ಸಾಮಾನ್ಯರಿಗೆ ಸಿಗುವ ಒಳ್ಳೆಯ ನಾಟಕ ಬೇಕು ಎಂಬುದು ಅದರ ಹಟ. ಬಾದಲ್ ಸರ್ಕಾರ್ ಇನ್ನೂ ಮುಂದೆ ಹೋಗಿ, 1970ರ ದಶಕದಲ್ಲಿ ಸಭಾಂಗಣವನ್ನೇ ಬಿಟ್ಟು ಎಸ್ಪ್ಲನೇಡಿನ ಕರ್ಜನ್ ಪಾರ್ಕಿನ ಬಯಲಿನಲ್ಲಿ ನಾಟಕ ಆಡಿದರು.

ಕನ್ನಡಿಗರಿಗೆ ಈ ರಂಗಭೂಮಿ ದೂರದ್ದೂ ಅಲ್ಲ. ಬಾದಲ್ ಸರ್ಕಾರರ ‘ಏವಂ ಇಂದ್ರಜಿತ್’ ನಾಟಕವನ್ನು ಇಂಗ್ಲಿಷಿಗೆ ತಂದವರು ಗಿರೀಶ ಕಾರ್ನಾಡರು. ಕಾರ್ನಾಡರ ‘ತುಘಲಕ್’ ಬಂಗಾಳಿಯಲ್ಲಿ ಬಂದಾಗ ತುಘಲಕನ ಪಾತ್ರ ಮಾಡಿದವರು ಶಂಭು ಮಿತ್ರರು. ಹೀಗಾಗಿ ಇಲ್ಲಿ ಟಿಕೆಟ್ಟು ಕೊಳ್ಳುವಾಗ ನೆಂಟರ ಮನೆಗೆ ಹೋದಂತೆಯೇ ಅನ್ನಿಸುತ್ತದೆ. ನೆಂಟರು 200 ರೂಪಾಯಿಗೆ ಬಾಗಿಲು ತೆರೆದಿಟ್ಟಿರುವಾಗ ನಾವು ಪಕ್ಕದ ರಸ್ತೆಯಲ್ಲಿ 2,000 ಸುರಿದು ಬಂದು, "ಕೋಲ್ಕತ್ತದಲ್ಲಿ ಸಂಜೆ ಹೊರಗೆ ಹೋಗೋದು ಭಾಳ ಖರ್ಚಿನ ಬಾಬ್ತು" ಅನ್ನುವುದು ನ್ಯಾಯವಲ್ಲ. ಮುಂದಿನ ತಿಂಗಳು ಹೊರಗಿನ ಖರ್ಚು ಕಡಿಮೆ ಮಾಡೋಣ ಅಂತ ಮನೆಯಲ್ಲಿ ಮಾತು ಬಂದಾಗ ಮೊದಲು ಬೀಳುವುದು ನಾಟಕದ ತಲೆಯೇ ತಾನೇ? ಸುಶಿಯ ಖರ್ಚಿಗೆ ನಾಟಕ ಬಲಿಯಾಗಬಾರದು.

ಹಾಗಾದರೆ ಮಗಳ ಷರತ್ತು? ನಮ್ಮ ಮನೆಯಲ್ಲಿ ನಿಂತ ದಾರಿ ಸುಕೆರೊಕುವಿನದು. ಸುಶಿಯನ್ನು ಬುತ್ತಿ ಮಾಡಿಕೊಂಡೆವು. ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. ಅನ್ನಕ್ಕೆ ಹುಳಿ ಬೆರೆಸಿದರೆ ಬೇಗ ಕೆಡುವುದಿಲ್ಲ ಎಂದು ಕಂಡುಕೊಂಡು ನಮ್ಮ ಅಜ್ಜಿಯರು ರೈಲಿಗೆ ಪುಳಿಯೋಗರೆ ಕಟ್ಟಿದರು, ಜಪಾನಿನ ಅಜ್ಜಿಯರು ವಿನೆಗರ್ ಕಲೆಸಿದರು. ಅಷ್ಟೇ ವ್ಯತ್ಯಾಸ.

ಮೂವರಿಗೆ ಎರಡು ಲೋಟ ಅಕ್ಕಿ, ಸುಮಾರು 400 ಗ್ರಾಂ, ಸಾಕು. ಸೋನಾ ಮಸೂರಿ ಉದುರುದುರಾಗುತ್ತದೆ, ಸುತ್ತಲು ಬಾರದು. ಬಂಗಾಳದ ಗೋಬಿಂದಭೋಗ್ ಗಿಡ್ಡಕ್ಕಿ, ಬೆಂದಾಗ ಅಂಟುತ್ತದೆ. ಅದರ ಪರಿಮಳ ಜಪಾನಿಯರಿಗೆ ಒಪ್ಪಿಗೆಯಾಗದಿರಬಹುದು, ನಮಗೆ ಹಿಡಿಸಿತು. ಅನ್ನ ಬಿಸಿ ಇರುವಾಗಲೇ ನಾಲ್ಕು ದೊಡ್ಡ ಚಮಚ ಅಕ್ಕಿಯ ವಿನೆಗರಿನಲ್ಲಿ ಎರಡು ದೊಡ್ಡ ಚಮಚ ಸಕ್ಕರೆ, ಒಂದು ಸಣ್ಣ ಚಮಚ ಉಪ್ಪು ಕರಗಿಸಿ ಹದವಾಗಿ ಕಲೆಸಬೇಕು. ಅನ್ನ ಉಗುರುಬೆಚ್ಚಗಾದ ಮೇಲೆ ನೋರಿ ಹಾಳೆಯ ಮೇಲೆ ತೆಳ್ಳಗೆ ಹರಡಿ, ಸೌತೆಕಾಯಿ, ಕ್ಯಾರೆಟ್ಟು, ಪನೀರಿನ ಉದ್ದನೆಯ ಹೋಳು ಇಟ್ಟು ಚಾಪೆ ಸುತ್ತಿದ ಹಾಗೆ ಸುತ್ತಬೇಕು. ಒದ್ದೆ ಚಾಕುವಿನಿಂದ ಕೊಯ್ದರೆ ಐದು ರೋಲಿಗೆ ನಲವತ್ತು ತುಂಡು. ಆನ್‌ಲೈನಿನಲ್ಲಿ ಹತ್ತು ಹಾಳೆಯ ನೋರಿ ನನಗೆ ಸುಮಾರು 250 ರೂಪಾಯಿಗೆ ಸಿಕ್ಕಿತು. ಎಲ್ಲ ಸೇರಿ ಒಂದು ಸಲದ ಬುತ್ತಿಗೆ 300 ರೂಪಾಯಿ ದಾಟುವುದಿಲ್ಲ.

ಕೆಲವು ಎಚ್ಚರಿಕೆಗಳು. ಮೀನು ತಿನ್ನುವವರು ಬೇಯಿಸಿದ ಸೀಗಡಿ ಇಟ್ಟುಕೊಳ್ಳಿ, ಮಾರ್ಕೆಟ್ಟಿನ ಹಸಿ ಮೀನಿನ ಸಾಹಸ ಬೇಡ. ಫ್ರಿಜ್ಜಿನಲ್ಲಿಟ್ಟರೆ ಅನ್ನ ಕಲ್ಲಾಗುತ್ತದೆ, ಹಾಗಾಗಿ ಮಧ್ಯಾಹ್ನ ಮಾಡಿ ಸಂಜೆಗೆ ತಿಂದು ಮುಗಿಸಿ. ವಸಾಬಿ ಎಂದು ಟ್ಯೂಬಿನಲ್ಲಿ ಮಾರುವುದು ಬಹುಪಾಲು ಹಸಿರು ಬಣ್ಣ ಹಾಕಿದ ಬೇರೊಂದು ಖಾರದ ಬೇರು. ಅದರ ಬದಲು ಬಂಗಾಳದ ಕಾಸುಂದಿ, ಹುಳಿ ಬರಿಸಿದ ಸಾಸಿವೆಯ ಗೊಜ್ಜು, ಇದಕ್ಕೆಂದೇ ಹುಟ್ಟಿದ ಹಾಗಿದೆ. ಮೂಗಿಗೆ ಅದೇ ಏಟು, ಬೆಲೆ ಹತ್ತಿರದ ದಿನಸಿ ಅಂಗಡಿಯದು.

ರೆಸ್ಟೋರೆಂಟೇ ಬೇಕೆನ್ನುವವರಿಗೂ ಎರಡು ಮಾತು. ಸಸ್ಯಾಹಾರಿಗಳು ತರಕಾರಿ ರೋಲು ಅಂತ ನಂಬಿ ಜೊತೆಗೆ ಮಿಸೊ ಸೂಪು ತರಿಸುವ ಮುಂಚೆ ಕೇಳಿ, ಅದರ ತಿಳಿಸಾರನ್ನು ಸಾಮಾನ್ಯವಾಗಿ ಒಣ ಮೀನಿನಿಂದ ತೆಗೆದಿರುತ್ತಾರೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ಅದು ಕಡ್ಡಾಯವಲ್ಲ, ತೆಗೆಸಬಹುದು. ಮೂವರು ಎರಡು ರೋಲು ಹಂಚಿಕೊಂಡು, ಹೊಟ್ಟೆಯ ಉಳಿದ ಜಾಗವನ್ನು ಮೊಮೊಗೆ ಬಿಟ್ಟುಕೊಟ್ಟರೆ ಖರ್ಚು ಹತೋಟಿಯಲ್ಲಿರುತ್ತದೆ.

ದಾರಿಯಂತೂ ಈಗ ಸಲೀಸು. ಸೆಕ್ಟರ್ ಫೈವಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ 2025ರ ಆಗಸ್ಟಿನಿಂದ ಗ್ರೀನ್ ಲೈನ್ ಮೆಟ್ರೋ ಸೀದಾ ಎಸ್ಪ್ಲನೇಡಿಗೆ ಬರುತ್ತದೆ. ಅಲ್ಲಿ ಬ್ಲೂ ಲೈನಿಗೆ ಬದಲಾಯಿಸಿದರೆ ಪಾರ್ಕ್ ಸ್ಟ್ರೀಟ್, ಮೈದಾನ್ ಆದಮೇಲೆ ಮೂರನೆಯದೇ ರವೀಂದ್ರ ಸದನ್. 1984ರಲ್ಲಿ ದೇಶದ ಮೊದಲ ಮೆಟ್ರೋ ಓಡಿದ್ದು ಇದೇ ಹಳಿಯ ಮೇಲೆ. ಹೆಂಡತಿ, ಮಗಳು ಡಬ್ಬಿ ಹಿಡಿದು ಮನೆಯಿಂದ ಬರುತ್ತಾರೆ, ನಾನು ಆಫೀಸಿನಿಂದ. ಅಕಾಡೆಮಿ, ನಂದನ್ ಸುತ್ತಮುತ್ತ ಕೂತು ತಿನ್ನಲು ಕಟ್ಟೆಗಳಿಗೆ ಬರವಿಲ್ಲ. ಇಡೀ ಊರೇ ಅಲ್ಲಿ ಕೂತು ಹರಟೆ ಹೊಡೆಯುತ್ತಿರುತ್ತದೆ.

ಈ ವ್ಯವಸ್ಥೆಯಲ್ಲಿ ನಾನು ನಿರೀಕ್ಷಿಸದ ಒಂದು ಲಾಭವೂ ಇದೆ. ಇಲ್ಲಿನ ಶಾಲೆಯಲ್ಲಿ ಓದುವ ಮಗಳ ಬಂಗಾಳಿ ನಮ್ಮಿಬ್ಬರಿಗಿಂತ ಚೆನ್ನಾಗಿದೆ. ಕತ್ತಲಲ್ಲಿ ಒಂದು ಮಾತು ತಿಳಿಯದೆ ನಾವು ಮುಖ ಮುಖ ನೋಡಿಕೊಂಡರೆ ಅವಳು ಮೆಲ್ಲಗೆ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾಳೆ. ಬೇರೆ ದಿನಗಳಲ್ಲಿ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಅಲ್ಲಿ ಎರಡು ಗಂಟೆ ನಮಗಾಗಿ ಕನ್ನಡದ ಪದ ಹುಡುಕುತ್ತಾಳೆ. "ಅಭಿಮಾನ್ ಅಂದ್ರೆ ನಮ್ಮ ಅಭಿಮಾನ ಅಲ್ಲಪ್ಪಾ, ಬೇಜಾರು, ತಮ್ಮೋರ ಮೇಲೆ ಬರೋ ಬೇಜಾರು" ಅಂತ ಒಂದು ಸಲ ಹೇಳಿದ್ದನ್ನು ನಾನು ಇನ್ನೂ ಮರೆತಿಲ್ಲ. ಪರಊರಿನಲ್ಲಿ ಮಕ್ಕಳಿಗೆ ಕನ್ನಡ ಉಳಿಸುವುದು ಹೇಗೆ ಅಂತ ಸಂಘದ ಸಭೆಗಳಲ್ಲಿ ನಾವೆಲ್ಲ ತಲೆಕೆಡಿಸಿಕೊಳ್ಳುತ್ತೇವಲ್ಲ, ಮಕ್ಕಳಿಗೆ ಅದರಿಂದ ಒಂದು ಕೆಲಸ ಆಗಬೇಕು ಅನ್ನುವುದು ಅಲ್ಲಿ ಕೂತಾಗ ಅರ್ಥವಾಗುತ್ತದೆ.

ಕೊನೆಯ ಲೆಕ್ಕ ಹೀಗಿದೆ. ಟಿಕೆಟ್ಟು 600, ಬುತ್ತಿ 300, ಮಣ್ಣಿನ ಕುಡಿಕೆಯ ಚಹಾ ಮತ್ತು ಮೆಟ್ರೋ ಸೇರಿಸಿದರೂ 1,100ರೊಳಗೆ ಒಂದು ಸಂಜೆ. ರೆಸ್ಟೋರೆಂಟಿನ ಸುಶಿಗೆ ಹೋಗುತ್ತಿದ್ದ 1,890ರಲ್ಲಿ ಸುಮಾರು 1,600 ಉಳಿಯುತ್ತದೆ. ಅದರಲ್ಲಿ ಇನ್ನೊಂದು ಸಂಜೆ ಪೂರ್ತಿ ಬರುತ್ತದೆ. ಬೇಕಿದ್ದರೆ ಮುಂದಿನ ಸಾಲಿನ 300ರ ಟಿಕೆಟ್ಟೂ ಬರುತ್ತದೆ, ಆ ದುಡ್ಡು ನಾಟಕದವರಿಗೆ ಸೇರುತ್ತದೆ. ನೀವು ಯಾವ ಊರಿನಲ್ಲಿದ್ದರೂ ನಿಮ್ಮೂರಿನ ರಂಗಮಂದಿರಕ್ಕೆ ಇದೇ ಲೆಕ್ಕ ಹಾಕಿ ನೋಡಿ. ಡಬ್ಬಿಯಲ್ಲಿ ಸುಶಿಯೇ ಇರಬೇಕೆಂದೇನಿಲ್ಲ, ಚಿತ್ರಾನ್ನವೂ ಆದೀತು. ಆರು ಗಂಟೆ ಹತ್ತು ನಿಮಿಷಕ್ಕೆ ಡಬ್ಬಿ ಮುಚ್ಚಿ, ಕೈತೊಳೆದು, ಫೋನು ಆಫ್ ಮಾಡಿ ಒಳಗೆ ಹೋಗಿ.